ಮೈಕ್ರೊಕಂಟ್ರೋಲರಿನ ಹೌದು ಮತ್ತು ಅಲ್ಲ

ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ, ನೀರು ಗೋಡೆಯ ಮೇಲೆ ಧಾರೆಯಾಗಿ ಇಳಿಯುತ್ತಿರುವ ನೋಟ ನಮ್ಮ ಊರುಗಳಲ್ಲಿ ಅಪರೂಪವಾದುದೇನೂ ಅಲ್ಲ. ಸಂಪಿನ ಪಂಪನ್ನು ಹಾಕಿದವರು ಅದನ್ನು ಮರೆತಿರುತ್ತಾರೆ; ಎದುರು ಮನೆಯವರು ಕೂಗಿ ಹೇಳಿದಾಗಲೇ ನೆನಪು. ಈ ಮರೆವಿಗೆ ಪರಿಹಾರವನ್ನೊದಗಿಸುವ ಸಾಧನವೊಂದನ್ನು ತಯಾರಿಸಬೇಕೆಂಬ ಹಂಬಲ ವಿದ್ಯಾರ್ಥಿಗಳಲ್ಲಿ ಪ್ರತಿವರ್ಷವೂ ಹುಟ್ಟುವುದನ್ನು ನಾವು ಕಾಣುತ್ತಿದ್ದೇವೆ. ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಡಬ್ಬಿಗಳು, ಆಟಿಕೆಯಂಥ ಒಂದು ಪಂಪು, ನಡುವೆ ಒಂದು ಮೈಕ್ರೊಕಂಟ್ರೋಲರು: ಡಬ್ಬಿ ತುಂಬಿದೊಡನೆ ಪಂಪು ತಾನಾಗಿ ನಿಲ್ಲುತ್ತದೆ, ನೋಡಿದವರು ಮೆಚ್ಚುತ್ತಾರೆ. ಅದೇ ಸಾಧನವನ್ನು ಮನೆಯ ಟ್ಯಾಂಕಿಗೆ ಜೋಡಿಸಿದರೆ ಅದು ವಿಚಿತ್ರವಾಗಿ ವರ್ತಿಸತೊಡಗುವುದುಂಟು. ಟ್ಯಾಂಕು ಬರಿದಾಗಿರುವಾಗ ಪಂಪು ನಿಲ್ಲುವುದು, ತುಂಬಿದಾಗ ಓಡುವುದು, ಒಮ್ಮೊಮ್ಮೆ ಟಕಟಕನೆ ಹತ್ತಿ ಆರುವುದು. ದೋಷ ಪ್ರೋಗ್ರಾಮಿನಲ್ಲಿರಬೇಕೆಂದು ವಿದ್ಯಾರ್ಥಿಗಳು ರಾತ್ರಿಯೆಲ್ಲ ಹುಡುಕುತ್ತಾರೆ. ಬಹುಮಟ್ಟಿಗೆ ಅದು ಇರುವುದು ಪ್ರೋಗ್ರಾಮಿನಲ್ಲಲ್ಲ; ಚಿಪ್ಪಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಹಾದುಹೋಗುವ ಒಂದೆರಡು ತಂತಿಗಳಲ್ಲಿ. ಆ ತಂತಿಗಳ ವಿಚಾರವನ್ನೇ ಇಲ್ಲಿ ವಿವರಿಸಬಯಸುತ್ತೇವೆ.

ಮೈಕ್ರೊಕಂಟ್ರೋಲರೆಂದರೆ ಒಂದೇ ಸಿಲಿಕಾನ್ ತುಣುಕಿನಲ್ಲಿ ಅಡಕವಾಗಿರುವ ಪುಟ್ಟ ಗಣಕಯಂತ್ರ. ಲೆಕ್ಕ ಮಾಡುವ ಭಾಗ, ನೆನಪಿಟ್ಟುಕೊಳ್ಳುವ ಭಾಗ, ಹೊರಗಿನೊಡನೆ ವ್ಯವಹರಿಸುವ ಭಾಗ ಮೂರೂ ಅದರಲ್ಲೇ ಇವೆ. ಇಂಥ ಮೊದಲ ಚಿಪ್ಪನ್ನು 1971ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ ಎಂಬ ಎಂಜಿನಿಯರುಗಳು ರೂಪಿಸಿದರೆಂದು ಹೇಳುವುದು ವಾಡಿಕೆ. ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದುದು ಆರ್ಡುಯಿನೊ ಫಲಕ. ಅದು ಹುಟ್ಟಿದುದು 2005ರಲ್ಲಿ, ಇಟಲಿಯ ಇವ್ರಿಯ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ. ಆ ಊರಿನ ಪಾನಗೃಹವೊಂದರ ಹೆಸರನ್ನೇ ಫಲಕಕ್ಕೂ ಇಟ್ಟರು. ಪಾನಗೃಹಕ್ಕೆ ಹೆಸರು ಬಂದುದು 1002ರಲ್ಲಿ ಪಟ್ಟವೇರಿದ ಅರ್ಡುಯಿನ್ ಎಂಬ ದೊರೆಯಿಂದ. ದೊರೆಯ ಹೆಸರು ಈಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಅಂಗಡಿಯಲ್ಲೂ ಕೇಳಿಬರುತ್ತದೆ! ನಾವು ಉದಾಹರಣೆಗಾಗಿ ಆರಿಸಿಕೊಂಡಿರುವುದು ಆರ್ಡುಯಿನೊ ಊನೊ ಫಲಕದ ಮೂರನೆಯ ಆವೃತ್ತಿಯನ್ನು. ಅದರಲ್ಲಿರುವ ಚಿಪ್ಪು ಎ.ಟಿ.ಮೆಗಾ 328ಪಿ. ಮುಂದೆ ಬರುವ ಅಂಕಿಗಳೆಲ್ಲ ಈ ಚಿಪ್ಪಿಗೆ ಸಂಬಂಧಿಸಿದುವು.

ಚಿಪ್ಪಿನಿಂದ ಹೊರಚಾಚಿದ ಲೋಹದ ಕಾಲುಗಳಿಗೆ ಪಿನ್ನುಗಳೆಂದು ಹೆಸರು. ಊನೊ ಫಲಕದಲ್ಲಿ ಇಂಥ 20 ಪಿನ್ನುಗಳು ನಮ್ಮ ಉಪಯೋಗಕ್ಕೆ ಒದಗುತ್ತವೆ. ಒಂದೊಂದು ಪಿನ್ನೂ ಒಂದೊಂದು ಬಾಗಿಲಿದ್ದಂತೆ. ಹೊರಗಿನ ಸುದ್ದಿ ಅದರ ಮೂಲಕ ಒಳಬಂದರೆ ಇನ್‌ಪುಟ್. ಒಳಗಿನ ಆಜ್ಞೆ ಹೊರಹೋದರೆ ಔಟ್‌ಪುಟ್. ಡಿಜಿಟಲ್ ಎಂಬ ವಿಶೇಷಣದ ಅರ್ಥವಿಷ್ಟೆ: ಈ ಬಾಗಿಲಲ್ಲಿ ಎರಡೇ ಮಾತುಗಳಿಗೆ ಪ್ರವೇಶ. ಹೌದು ಮತ್ತು ಅಲ್ಲ. ಅಂದರೆ 1 ಮತ್ತು 0. ಟ್ಯಾಂಕಿನಲ್ಲಿ ಎಷ್ಟು ಅಡಿ ನೀರಿದೆ ಎಂದು ಹೇಳಲು ಇಲ್ಲಿ ಅವಕಾಶವಿಲ್ಲ. ತುಂಬಿದೆಯೋ ಇಲ್ಲವೋ ಎಂಬುದನ್ನು ಹೇಳಬಹುದು.

ಆದರೆ ತಂತಿಯಲ್ಲಿ ಬರುವುದು ‘ಹೌದು’ ಎಂಬ ಶಬ್ದವಲ್ಲ, ಅಲ್ಲಿರುವುದು ವೋಲ್ಟೇಜು. ಅದಕ್ಕೋ ಎರಡೇ ಬೆಲೆಗಳಿರಬೇಕೆಂಬ ನಿಯಮವಿಲ್ಲ. 0 ವೋಲ್ಟಿನಿಂದ 5 ವೋಲ್ಟಿನವರೆಗೆ ಯಾವ ಬೆಲೆಯನ್ನಾದರೂ ಅದು ತಳೆಯಬಹುದು. ಹಾಗಾದರೆ ಎಷ್ಟನ್ನು ಹೌದೆಂದೂ ಎಷ್ಟನ್ನು ಅಲ್ಲವೆಂದೂ ಎಣಿಸತಕ್ಕದ್ದು? ತಯಾರಕರು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದಾರೆ. ಚಿಪ್ಪು 5 ವೋಲ್ಟಿನಲ್ಲಿ ನಡೆಯುತ್ತಿರುವಾಗ 1.5 ವೋಲ್ಟಿಗಿಂತ ಕೆಳಗಿರುವುದೆಲ್ಲ ನಿಶ್ಚಯವಾಗಿ 0. 3 ವೋಲ್ಟಿಗಿಂತ ಮೇಲಿರುವುದೆಲ್ಲ ನಿಶ್ಚಯವಾಗಿ 1. ಇವೆರಡರ ನಡುವಣ ಒಂದೂವರೆ ವೋಲ್ಟಿನ ಪ್ರದೇಶ ಯಾವ ಆಡಳಿತಕ್ಕೂ ಸೇರದ ಗಡಿನಾಡು. ಅಲ್ಲಿರುವ ವೋಲ್ಟೇಜನ್ನು ಚಿಪ್ಪು 0 ಎಂದು ಓದಬಹುದು, 1 ಎಂದೂ ಓದಬಹುದು. ತಯಾರಕರು ಯಾವುದಕ್ಕೂ ಹೊಣೆಯಲ್ಲ. ‘ನನಗೆ ತಿಳಿಯದು’ ಎಂದು ಸುಮ್ಮನಿರಲು ಚಿಪ್ಪಿಗೆ ಬಾರದು. ಕೇಳಿದಾಗಲೆಲ್ಲ ಏನಾದರೊಂದನ್ನು ಹೇಳಿಯೇ ತೀರುತ್ತದೆ. ತೊಡಕುಗಳ ಮೂಲವೆಲ್ಲ ಇಲ್ಲಿದೆ.

ಗಡಿಯಲ್ಲಿ ವೋಲ್ಟೇಜು ಸ್ವಲ್ಪ ಅಲುಗಾಡಿದರೂ ಉತ್ತರ ಕ್ಷಣಕ್ಷಣಕ್ಕೆ ಬದಲಾಗಬಾರದೆಂದು ಪಿನ್ನಿನ ಒಳಗೆ ಒಂದು ಉಪಾಯವನ್ನು ಹೂಡಿದ್ದಾರೆ. 0ಯಿಂದ 1ಕ್ಕೆ ಏರುವ ಮೆಟ್ಟಿಲು ಸ್ವಲ್ಪ ಎತ್ತರದಲ್ಲಿಯೂ, 1ರಿಂದ 0ಗೆ ಇಳಿಯುವ ಮೆಟ್ಟಿಲು ಅದಕ್ಕಿಂತ ಸುಮಾರು ಅರ್ಧ ವೋಲ್ಟು ಕೆಳಗೂ ಇರುತ್ತವೆ. ಒಮ್ಮೆ ಏರಿದ ಮೇಲೆ ಅಲ್ಪಸ್ವಲ್ಪ ಕುಗ್ಗಿದರೆ ಉತ್ತರ ಬದಲಾಗುವುದಿಲ್ಲ. ಈ ಏರ್ಪಾಟಿಗೆ ಷ್ಮಿಟ್ ಟ್ರಿಗರ್ ಎಂದು ಹೆಸರು. ಅದನ್ನು ಕಂಡುಹಿಡಿದ ಅಮೆರಿಕದ ಆಟೊ ಷ್ಮಿಟ್ ಆ ಕಾಲದಲ್ಲಿ ಅಭ್ಯಸಿಸುತ್ತಿದ್ದುದು ಸ್ಕ್ವಿಡ್ ಎಂಬ ಸಮುದ್ರಜೀವಿಯ ನರಗಳನ್ನು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವುದು ಇದನ್ನೇ. ನರವು ಪ್ರಚೋದನೆಯೊಂದಕ್ಕೆ ಅರೆಬರೆಯಾಗಿ ಓಗೊಡುವುದಿಲ್ಲ. ಪೂರ್ತಿ ಓಗೊಡುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಇದೇ ಗುಣವನ್ನು ಷ್ಮಿಟ್ ರೇಡಿಯೋ ವಾಲ್ವುಗಳಿಂದ ಸಾಧಿಸಿ, 1938ರಲ್ಲಿ ಪ್ರಕಟಿಸಿದನು. ಟ್ಯಾಂಕಿನಲ್ಲಿ ತಂತಿಯ ತುದಿಗೆ ತೇಲುವ ಫ್ಲೋಟ್ ಸ್ವಿಚ್ಚಿನಲ್ಲಿಯೂ ಇದೇ ತತ್ತ್ವ ಅಡಗಿರುವುದನ್ನು ವಾಚಕರು ಗಮನಿಸಬಹುದು. ನೀರು ಏರುವಾಗ ಅದು ಒಂದು ಮಟ್ಟದಲ್ಲಿ ಮಗುಚಿಕೊಳ್ಳುತ್ತದೆ. ಇಳಿಯುವಾಗ ಹಿಂದಕ್ಕೆ ಮಗುಚಿಕೊಳ್ಳುವುದು ಅದಕ್ಕಿಂತ ಕೆಳಗಿನ ಮಟ್ಟದಲ್ಲಿ.

ಪಿನ್ನು ಇನ್‌ಪುಟ್ಟೋ ಔಟ್‌ಪುಟ್ಟೋ ಎಂಬುದನ್ನು ಪ್ರೋಗ್ರಾಮು ನಿರ್ಧರಿಸುತ್ತದೆ. ಚಿಪ್ಪಿನೊಳಗೆ ಇದಕ್ಕಾಗಿ ರಿಜಿಸ್ಟರುಗಳೆಂಬ ಪುಟ್ಟ ಪಟ್ಟಿಗಳಿವೆ. ಒಂದರಲ್ಲಿ ದಿಕ್ಕನ್ನು ಬರೆಯಬೇಕು, ಇನ್ನೊಂದರಲ್ಲಿ ಹೊರಗೆ ಹೇಳಬೇಕಾದುದನ್ನು ಬರೆಯಬೇಕು, ಮೂರನೆಯದರಿಂದ ಪಿನ್ನಿನಲ್ಲಿ ವಾಸ್ತವವಾಗಿ ಇರುವುದನ್ನು ಓದಿಕೊಳ್ಳಬೇಕು. ಆರ್ಡುಯಿನೊ ಭಾಷೆಯ ಪಿನ್‌ಮೋಡ್, ಡಿಜಿಟಲ್‌ರೈಟ್, ಡಿಜಿಟಲ್‌ರೀಡ್ ಎಂಬ ಮೂರು ಆಜ್ಞೆಗಳು ಈ ಮೂರು ಪಟ್ಟಿಗಳನ್ನೇ ಮುಟ್ಟುವುವು. ಇಲ್ಲಿ ನೆನಪಿಡಬೇಕಾದ ಸಂಗತಿ ಒಂದುಂಟು. ವಿದ್ಯುತ್ತು ಬಂದ ಕ್ಷಣದಲ್ಲಿ ಎಲ್ಲ ಪಿನ್ನುಗಳೂ ಇನ್‌ಪುಟ್ಟುಗಳಾಗಿಯೇ ಇರುತ್ತವೆ. ಪ್ರೋಗ್ರಾಮು ಎದ್ದು ಹೇಳುವವರೆಗೆ ಯಾವುದೂ ಬಾಯಿ ತೆರೆಯುವುದಿಲ್ಲ. ಇದರ ಪರಿಣಾಮವನ್ನು ಮುಂದೆ ಕಾಣುವೆವು.

ಇನ್‌ಪುಟ್ ಪಿನ್ನಿಗೆ ಏನನ್ನೂ ಜೋಡಿಸದಿದ್ದರೆ ಚಿಪ್ಪು ಏನೆಂದು ಓದುತ್ತದೆ? ‘ಏನೂ ಇಲ್ಲ, ಆದುದರಿಂದ 0’ ಎಂಬ ಉತ್ತರವೇ ಸಾಮಾನ್ಯವಾಗಿ ಬರುವುದು. ಇದು ಸರಿಯಲ್ಲ. ಇನ್‌ಪುಟ್ ಪಿನ್ನಿನಲ್ಲಿ ಸೋರುವ ವಿದ್ಯುತ್ಪ್ರವಾಹ ಹೆಚ್ಚೆಂದರೆ ಒಂದು ಮೈಕ್ರೋಆಂಪಿಯರು, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗ. ಅಷ್ಟು ಅಲ್ಪ ಪ್ರವಾಹದಿಂದಲೇ ಅದರ ವೋಲ್ಟೇಜು ಮೇಲೆ ಕೆಳಗೆ ಆಗಬಲ್ಲುದು. ನಮ್ಮ ಸುತ್ತಲಿನ ಗೋಡೆಗಳಲ್ಲಿ 230 ವೋಲ್ಟಿನ ತಂತಿಗಳು ಹಾದುಹೋಗಿವೆ. ಅವುಗಳ ವಿದ್ಯುತ್‌ಕ್ಷೇತ್ರ ಸೆಕೆಂಡಿಗೆ 50 ಆವರ್ತಗಳಂತೆ ಬದಲಾಗುತ್ತಿರುತ್ತದೆ. ಒಂಟಿ ಪಿನ್ನು ಅದನ್ನು ಆಂಟೆನಾದಂತೆ ಹಿಡಿದುಕೊಳ್ಳುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಗೇಣುದ್ದದ ತಂತಿಯನ್ನು ಊನೊದ 2ನೆಯ ಪಿನ್ನಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬರಿದಾಗಿ ಬಿಡಿ. ಪಿನ್ನಿನಲ್ಲಿ ಓದಿದುದನ್ನೇ 13ನೆಯ ಪಿನ್ನಿನ ದೀಪಕ್ಕೆ ತೋರಿಸುವಂತೆ ಎರಡು ಸಾಲಿನ ಪ್ರೋಗ್ರಾಮನ್ನು ಬರೆಯಿರಿ. ಕೈಯನ್ನು ತಂತಿಯ ಹತ್ತಿರ ತಂದರೆ ದೀಪ ಮಿನುಗೀತು, ಮಂಕಾಗಿ ಉರಿದೀತು. ದೂರ ಒಯ್ದರೆ ಆರಿದರೂ ಆರೀತು, ಹತ್ತಿಯೇ ಉಳಿದರೂ ಉಳಿದೀತು. ಇದಕ್ಕೆ ತೇಲುವ ಪಿನ್ನು ಎನ್ನುತ್ತಾರೆ. ಸ್ವಿಚ್ಚು ತೆರೆದಿರುವಾಗಲೂ ಪಿನ್ನಿನ ಸ್ಥಿತಿ ಇದೇ ಎಂಬುದನ್ನು ಹೊಸಬರು ಲಕ್ಷಿಸುವುದಿಲ್ಲ. ಸ್ವಿಚ್ಚು ಮುಚ್ಚಿದಾಗ ತಂತಿ ಗ್ರೌಂಡಿಗೆ ಸೇರಿ 0 ಆಗುವುದೇನೋ ನಿಜ. ತೆರೆದಾಗ ಅದು 1 ಆಗುವುದಿಲ್ಲ, ಅನಾಥವಾಗುತ್ತದೆ.

ಪರಿಹಾರ ಸುಲಭವಾದುದು. ಪಿನ್ನನ್ನು 5 ವೋಲ್ಟಿನ ತಂತಿಗೆ ಒಂದು ರೋಧಕದ ಮೂಲಕ ಸೇರಿಸಬೇಕು. ಸ್ವಿಚ್ಚು ತೆರೆದಿರುವಾಗ ಈ ರೋಧಕ ಪಿನ್ನನ್ನು ಮೆಲ್ಲಗೆ ಮೇಲಕ್ಕೆಳೆದು 1ರಲ್ಲಿ ನಿಲ್ಲಿಸುತ್ತದೆ. ಮುಚ್ಚಿದಾಗ ಗ್ರೌಂಡಿನ ನೇರ ದಾರಿ ಬಲವಾದುದರಿಂದ ಪಿನ್ನು 0ಗೆ ಇಳಿಯುತ್ತದೆ. ಮೇಲಕ್ಕೆಳೆಯುವ ಈ ರೋಧಕಕ್ಕೆ ಪುಲ್‌ಅಪ್ ಎಂದು ಹೆಸರು. 328ಪಿ ಚಿಪ್ಪಿನ ಪ್ರತಿ ಪಿನ್ನಿನಲ್ಲಿಯೂ 20ರಿಂದ 50 ಕಿಲೋಓಮ್‌ವರೆಗಿನ ಇಂಥ ರೋಧಕ ಅಡಗಿದೆ. ಪ್ರೋಗ್ರಾಮಿನಲ್ಲಿ ಇನ್‌ಪುಟ್-ಪುಲ್‌ಅಪ್ ಎಂದು ಬರೆದರೆ ಅದು ಕೆಲಸಕ್ಕೆ ಬರುತ್ತದೆ. ಮೇಜಿನ ಮೇಲಿನ ಪ್ರಯೋಗಕ್ಕೆ ಇಷ್ಟು ಸಾಕು.

ಮಾಳಿಗೆಯ ಟ್ಯಾಂಕಿಗೆ ಇದು ಸಾಲದು. ಕಾರಣಗಳನ್ನು ವಿವರವಾಗಿ ನೋಡಬೇಕಾಗಿದೆ. ಮೊದಲನೆಯದಾಗಿ, ಒಳಗಿನ ಪುಲ್‌ಅಪ್ ತೀರ ದುರ್ಬಲ. ಐವತ್ತು ಕಿಲೋಓಮ್ ಎಂದಿಟ್ಟುಕೊಂಡರೆ ಸ್ವಿಚ್ಚಿನಲ್ಲಿ ಹರಿಯುವುದು ಮಿಲಿಆಂಪಿಯರಿನ ಹತ್ತನೆಯ ಒಂದು ಭಾಗ ಮಾತ್ರ. ಫ್ಲೋಟ್ ಸ್ವಿಚ್ಚಿನ ಲೋಹದ ತುಟಿಗಳ ಮೇಲೆ ಕಾಲಕ್ರಮದಲ್ಲಿ ತೆಳ್ಳನೆಯ ಆಕ್ಸೈಡ್ ಪೊರೆ ಬೆಳೆಯುತ್ತದೆ. ಅದನ್ನು ಭೇದಿಸಲು ಇಷ್ಟು ಅಲ್ಪ ಪ್ರವಾಹಕ್ಕೆ ಶಕ್ತಿ ಸಾಲದೆ ಹೋಗಬಹುದು. ಎರಡನೆಯದಾಗಿ, ಹದಿನೈದು ಇಪ್ಪತ್ತು ಮೀಟರ್ ಉದ್ದದ ತಂತಿ ಪಂಪಿನ ತಂತಿಯ ಪಕ್ಕದಲ್ಲೇ ಇಳಿದುಬಂದರೆ, ಪಂಪು ಹತ್ತಿ ಆರುವ ಪ್ರತಿಸಲವೂ ಅದರಲ್ಲಿ ಅಲುಗಾಟ ತೋರುತ್ತದೆ. ಆದುದರಿಂದ ಹೊರಗಿನಿಂದಲೇ 1 ಕಿಲೋಓಮಿನ ಪುಲ್‌ಅಪ್ ರೋಧಕವನ್ನು ಕೊಡುವುದು ಮೇಲು. ಆಗ 5 ಮಿಲಿಆಂಪಿಯರು ಹರಿಯುತ್ತದೆ. ಅನಂತರ ಆ ತಂತಿಯನ್ನು ನೇರವಾಗಿ ಪಿನ್ನಿಗೆ ಕೊಡದೆ 10 ಕಿಲೋಓಮಿನ ಇನ್ನೊಂದು ರೋಧಕದ ಮೂಲಕ ಕೊಟ್ಟು, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರನ್ನು ಇಡಬೇಕು. ಇವೆರಡರ ಗುಣಲಬ್ಧ ಒಂದು ಮಿಲಿಸೆಕೆಂಡು. ಅದಕ್ಕಿಂತ ಬಹಳ ಕ್ಷಿಪ್ರವಾದ ಅಲುಗಾಟಗಳು ಪಿನ್ನನ್ನು ಮುಟ್ಟುವ ಮೊದಲೇ ಅಡಗುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ, ಇನ್ನಷ್ಟು ಭದ್ರವಾಗಲೆಂದು ಒಳಗಿನ ಪುಲ್‌ಅಪ್ಪನ್ನೂ ಜೊತೆಗೆ ಹಾಕುವವರುಂಟು. ಲೆಕ್ಕ ಹಾಕಿ ನೋಡೋಣ. ಸ್ವಿಚ್ಚು ಮುಚ್ಚಿದೆ, ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್. ಒಳಗಿನ ರೋಧಕ 20 ಕಿಲೋಓಮ್ ಇದ್ದರೆ ಪಿನ್ನಿನ ವೋಲ್ಟೇಜು 5ರ ಮೂರನೆಯ ಒಂದು ಭಾಗ, ಅಂದರೆ 1.67. ಇದು 1.5ಕ್ಕಿಂತ ಹೆಚ್ಚು! ಶುದ್ಧವಾದ 0 ಇರಬೇಕಾದ ಕಡೆ ನಾವೇ ಪಿನ್ನನ್ನು ಗಡಿನಾಡಿಗೆ ತಳ್ಳಿದಂತಾಯಿತು. ಓಮನ ನಿಯಮವನ್ನು ಪರೀಕ್ಷೆಯ ಪುಸ್ತಕದಲ್ಲೇ ಬಿಟ್ಟುಬರುವವರಿಗೆ ಈ ದೋಷ ಎಂದಿಗೂ ಕಾಣದು; ಒಂದು ಚಿಪ್ಪಿನಲ್ಲಿ ಸರಿಯಾಗಿ ನಡೆದುದು ಇನ್ನೊಂದರಲ್ಲಿ ನಡೆಯದಿರುವುದನ್ನು ಕಂಡು ಚಿಪ್ಪೇ ಕೆಟ್ಟಿತೆನ್ನುವರು.

ಈಗ ಮುಖ್ಯವಾದ ಪ್ರಶ್ನೆ. ಟ್ಯಾಂಕು ತುಂಬಿದಾಗ ಸ್ವಿಚ್ಚು ಮುಚ್ಚಬೇಕೋ ತೆರೆಯಬೇಕೋ? ಮೂರು ತಂತಿಗಳುಳ್ಳ ಫ್ಲೋಟ್ ಸ್ವಿಚ್ಚಿನಲ್ಲಿ ಎರಡು ಬಗೆಯೂ ಸಾಧ್ಯ. ಹೇಗಾದರೇನು, ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ತಿದ್ದಿದರಾಯಿತು ಎನ್ನಿಸಬಹುದು. ಆದರೆ ಬಿಸಿಲು ಮಳೆಗಳಿಗೆ ಒಡ್ಡಿಕೊಂಡ ತಂತಿ ಒಂದಲ್ಲ ಒಂದು ದಿನ ತುಂಡಾಗುವುದು. ಇಲಿ ಕಡಿಯಬಹುದು, ಬಣ್ಣ ಬಳಿಯಲು ಬಂದವರು ಎಳೆದುಹಾಕಬಹುದು. ತುಂಡಾದ ತಂತಿಯ ಕಡೆಯಿಂದ ಪುಲ್‌ಅಪ್ ಇರುವ ಪಿನ್ನು ಓದುವುದು 1. ತುಂಬಿದಾಗ ಮುಚ್ಚುವ ಸ್ವಿಚ್ಚಾದರೆ, ಈ 1ರ ಅರ್ಥ ‘ಇನ್ನೂ ತುಂಬಿಲ್ಲ’ ಎಂದಾಗುತ್ತದೆ. ಪಂಪು ಓಡುತ್ತಲೇ ಇರುತ್ತದೆ, ಸಂಪು ಬರಿದಾಗಿ ಮೋಟಾರು ಒಣಗಿ ಓಡಿ ಸುಟ್ಟುಹೋಗುವವರೆಗೆ. ತುಂಬಿದಾಗ ತೆರೆಯುವ ಸ್ವಿಚ್ಚಾದರೆ, ತುಂಬಿದುದಕ್ಕೂ 1, ತಂತಿ ತುಂಡಾದುದಕ್ಕೂ 1; ಎರಡು ಸಂದರ್ಭಗಳಲ್ಲಿಯೂ ಪಂಪು ನಿಲ್ಲುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮನೆಯವರು ಬಂದು ನೋಡುವರು; ತಂತಿ ತುಂಡಾಗಿರುವುದು ಗೊತ್ತಾಗುವುದು. ಓಡಲು ಅಪ್ಪಣೆ ಕೊಡುವುದಕ್ಕೆ ಒಂದು ಇಡಿಯ ತಂತಿ ಬೇಕು, ನಿಲ್ಲಿಸುವುದಕ್ಕೆ ಏನೂ ಬೇಡ ಎಂಬಂತೆ ಏರ್ಪಡಿಸಬೇಕು. ತಂತಿಯ ಎರಡು ಎಳೆಗಳು ಒಂದಕ್ಕೊಂದು ತಗುಲಿದರೆ ಮಾತ್ರ ಈ ಏರ್ಪಾಟು ಮೋಸಹೋಗುತ್ತದೆ. ಆಗ ಪಿನ್ನು ಸದಾ 0 ಎನ್ನುವುದು. ಅದಕ್ಕಾಗಿ ಪ್ರೋಗ್ರಾಮಿನಲ್ಲಿ ಕಾಲದ ಮಿತಿಯನ್ನಿಡಬೇಕು. ಟ್ಯಾಂಕು ಇಪ್ಪತ್ತು ನಿಮಿಷಗಳಲ್ಲಿ ತುಂಬುವುದಾದರೆ, ಮೂವತ್ತು ನಿಮಿಷ ಕಳೆದರೂ 1 ಬಾರದಿದ್ದಾಗ ಪಂಪು ನಿಲ್ಲತಕ್ಕದ್ದು.

ಸ್ವಿಚ್ಚುಗಳ ಇನ್ನೊಂದು ಚಾಳಿಯನ್ನು ಹೇಳದೆ ಮುಂದುವರಿಯುವಂತಿಲ್ಲ. ಲೋಹದ ಎರಡು ತುಟಿಗಳು ಕೂಡಿದಾಗ, ನೆಲಕ್ಕೆ ಬಿದ್ದ ಚೆಂಡಿನಂತೆ ಕೆಲವು ಸಲ ಪುಟಿದು ಆಮೇಲೆ ನಿಲ್ಲುತ್ತವೆ. ಒತ್ತುಗುಂಡಿಯಲ್ಲಿ ಈ ಪುಟಿತ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುವುದು. ನಮ್ಮ ಕಣ್ಣಿಗೆ ಅದು ಕಾಣದು. ಆದರೆ ಸೆಕೆಂಡಿಗೆ 1 ಕೋಟಿ 60 ಲಕ್ಷ ಮಿಡಿತಗಳ ಗಡಿಯಾರದಿಂದ ನಡೆಯುವ ಚಿಪ್ಪಿಗೆ 5 ಮಿಲಿಸೆಕೆಂಡೆಂದರೆ 80,000 ಮಿಡಿತಗಳ ದೀರ್ಘಾವಧಿ. ಒಮ್ಮೆ ಒತ್ತಿದುದನ್ನು ಅದು ಐದಾರು ಸಲ ಒತ್ತಿದಂತೆ ಎಣಿಸುವುದರಲ್ಲಿ ಆಶ್ಚರ್ಯವೇನು? ಟ್ಯಾಂಕಿನ ವಿಷಯದಲ್ಲಿ ಪುಟಿಯುವುದು ಲೋಹವೊಂದೇ ಅಲ್ಲ, ನೀರೂ ಕೂಡ. ಕೊಳಾಯಿಯಿಂದ ಬೀಳುವ ನೀರು ಎಬ್ಬಿಸುವ ಅಲೆಗಳು ಫ್ಲೋಟನ್ನು ಸೆಕೆಂಡುಗಟ್ಟಲೆ ತೂಗಾಡಿಸುತ್ತವೆ. ಆದುದರಿಂದ ಪಿನ್ನಿನಲ್ಲಿ ಒಂದೇ ಉತ್ತರ ಎಡೆಬಿಡದೆ ಐದು ಸೆಕೆಂಡುಗಳ ಕಾಲ ಬಂದರೆ ಮಾತ್ರ ಅದನ್ನು ನಂಬುವಂತೆ ಪ್ರೋಗ್ರಾಮನ್ನು ಬರೆಯುವುದು ಲೇಸು. ಐದು ಸೆಕೆಂಡಿನಲ್ಲಿ ಯಾವ ಟ್ಯಾಂಕೂ ಉಕ್ಕಿ ಹರಿಯದು.

ಇನ್ನು ಔಟ್‌ಪುಟ್. ಔಟ್‌ಪುಟ್ ಪಿನ್ನಿನ ಹಿಂದೆ ಎರಡು ಟ್ರಾನ್ಸಿಸ್ಟರುಗಳಿವೆ. ಒಂದು ಪಿನ್ನನ್ನು 5 ವೋಲ್ಟಿಗೆ ಸೇರಿಸುತ್ತದೆ, ಇನ್ನೊಂದು ಗ್ರೌಂಡಿಗೆ. 1 ಎಂದರೆ ಮೊದಲನೆಯದು ತೆರೆದಂತೆ, 0 ಎಂದರೆ ಎರಡನೆಯದು. ಇಲ್ಲಿ ಅನಿಶ್ಚಿತತೆಯ ಭಯವಿಲ್ಲ. ಭಯವಿರುವುದು ಶಕ್ತಿಯ ವಿಷಯದಲ್ಲಿ. ಒಂದು ಪಿನ್ನು ಸುಖವಾಗಿ ಕೊಡಬಲ್ಲ ಪ್ರವಾಹ 20 ಮಿಲಿಆಂಪಿಯರು. ನಲವತ್ತು ಮಿಲಿಆಂಪಿಯರು ಅದರ ಸಹನೆಯ ಕೊನೆಯ ಎಲ್ಲೆ; ಆ ಎಲ್ಲೆಯಲ್ಲಿ ನಡೆಸುವುದೆಂದರೆ ಚಿಪ್ಪಿನ ಆಯುಸ್ಸನ್ನು ಕಳೆಯುವುದೆಂದೇ ಅರ್ಥ. ಎಲ್.ಇ.ಡಿ. ದೀಪಕ್ಕೆ ಇದು ಧಾರಾಳವಾಯಿತು. ಕೆಂಪು ದೀಪದಲ್ಲಿ ಸುಮಾರು 2 ವೋಲ್ಟು ಇಳಿಯುತ್ತದೆ. ಉಳಿದ 3 ವೋಲ್ಟನ್ನು 330 ಓಮಿನ ರೋಧಕ ಹೊತ್ತರೆ 9 ಮಿಲಿಆಂಪಿಯರು ಹರಿಯುವುದು. ರೋಧಕವಿಲ್ಲದೆ ದೀಪವನ್ನು ನೇರವಾಗಿ ಪಿನ್ನಿಗೆ ಸಿಕ್ಕಿಸುವ ಅಭ್ಯಾಸ ಕೆಟ್ಟದ್ದು. ಕೂಡಲೆ ಏನೂ ಸುಡಲಿಲ್ಲವೆಂಬುದು ಅದಕ್ಕೆ ಸಮರ್ಥನೆಯಾಗದು.

ಪಂಪಿನ ಕಡೆಗೆ ಬಂದರೆ ಮೊದಲು ಎದುರಾಗುವುದು ರಿಲೆ. ಐದು ವೋಲ್ಟಿನ ಸಣ್ಣ ರಿಲೆಯ ಸುರುಳಿಯ ರೋಧ ಸುಮಾರು 70 ಓಮ್. ಅದು ಬೇಡುವ ಪ್ರವಾಹ 71 ಮಿಲಿಆಂಪಿಯರು. ಪಿನ್ನಿನ ಕೈಯಲ್ಲಿ ಇದು ಆಗದ ಕೆಲಸ. ಆದುದರಿಂದ ಬಿ.ಸಿ. 547ರಂಥ ಟ್ರಾನ್ಸಿಸ್ಟರೊಂದನ್ನು ನಡುವೆ ಇಡಬೇಕು. ಪಿನ್ನಿನಿಂದ 1 ಕಿಲೋಓಮಿನ ರೋಧಕದ ಮೂಲಕ ಅದರ ಬೇಸಿಗೆ ನಾಲ್ಕು ಚಿಲ್ಲರೆ ಮಿಲಿಆಂಪಿಯರು ಹರಿದರೆ ಸಾಕು, ರಿಲೆಯ ಭಾರವನ್ನು ಟ್ರಾನ್ಸಿಸ್ಟರು ಹೊರುವುದು. ಸುರುಳಿಯ ಎರಡು ತುದಿಗಳ ನಡುವೆ ಒಂದು ಡಯೋಡನ್ನು ಹಿಮ್ಮುಖವಾಗಿ ಜೋಡಿಸಲು ಮರೆಯಬಾರದು. ಸುರುಳಿಯಲ್ಲಿ ಹರಿಯುತ್ತಿದ್ದ ಪ್ರವಾಹವನ್ನು ಥಟ್ಟನೆ ತಡೆದರೆ, ಫ್ಯಾರಡೆಯ ನಿಯಮಕ್ಕೆ ಅನುಸಾರವಾಗಿ ಅದರ ತುದಿಗಳಲ್ಲಿ ಕ್ಷಣಕಾಲ ಬಹು ಹೆಚ್ಚಿನ ವೋಲ್ಟೇಜು ಏಳುತ್ತದೆ. ಡಯೋಡು ಅದಕ್ಕೆ ದಾರಿ ಮಾಡಿಕೊಟ್ಟು ಟ್ರಾನ್ಸಿಸ್ಟರನ್ನು ಉಳಿಸುತ್ತದೆ. ಇನ್ನೊಂದು ರೋಧಕ, 10 ಕಿಲೋಓಮಿನದು, ಬೇಸಿನಿಂದ ಗ್ರೌಂಡಿಗೆ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಿದ್ಯುತ್ತು ಬಂದ ಕ್ಷಣದಲ್ಲಿ ಪಿನ್ನುಗಳೆಲ್ಲ ಇನ್‌ಪುಟ್ಟುಗಳಾಗಿರುತ್ತವೆಂದು ಹಿಂದೆ ಹೇಳಿದೆವು. ಆಗ ಬೇಸು ಕೂಡ ತೇಲುವ ತಂತಿಯೇ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವ ಊರಿನಲ್ಲಿ, ಪ್ರತಿಸಲವೂ ಪಂಪು ಅಪ್ಪಣೆಯಿಲ್ಲದೆ ಮಿಸುಕದಂತೆ ಕಾಯುವುದು ಈ ಅಗ್ಗದ ರೋಧಕ.

ರಿಲೆಯಿಂದ ಆಚೆಗಿರುವುದು 230 ವೋಲ್ಟು. ಅದು ಪ್ರಾಣಾಪಾಯದ ಕ್ಷೇತ್ರ. ಅಲ್ಲಿನ ಕೆಲಸವನ್ನು ಅನುಭವಿಯಾದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ಈ ಮಾತಿಗೆ ವಿನಾಯಿತಿಯಿಲ್ಲ. ಒಂದು ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 6 ಆಂಪಿಯರನ್ನೂ, ಹೊರಡುವ ಕ್ಷಣದಲ್ಲಿ ಅದರ ಹಲವು ಪಾಲನ್ನೂ ಎಳೆಯುತ್ತದೆ. ಸಣ್ಣ ರಿಲೆಯ ಮೇಲೆ 10 ಆಂಪಿಯರೆಂದು ಅಚ್ಚಾಗಿದ್ದರೂ, ಹೊರಡುವ ಪ್ರವಾಹದ ಕಿಡಿಗೆ ಅದರ ತುಟಿಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆದುದರಿಂದ ರಿಲೆಯು ಮೋಟಾರನ್ನು ನೇರವಾಗಿ ನಡೆಸದೆ, ತಕ್ಕ ಗಾತ್ರದ ಕಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ನಡೆಸಬೇಕು.

ಕಂಟ್ಯಾಕ್ಟರಿನ ತುಟಿಗಳೂ ಬೆಸೆದುಕೊಂಡರೆ? ಪ್ರೋಗ್ರಾಮು ಪಿನ್ನಿನಲ್ಲಿ 0 ಎಂದು ಬರೆದಿದೆ. ಪಂಪು ನಿಂತಿತೆಂದೇ ಅದು ಭಾವಿಸಿದೆ. ಪಿನ್ನನ್ನು ಓದಿ ನೋಡಿದರೂ ಅಲ್ಲಿ 0 ಇರುವುದೇ ಕಾಣುತ್ತದೆ. ಚಿಪ್ಪಿಗೆ ಗೊತ್ತಾಗುವುದು ತನ್ನ ಕಾಲಿನ ವೋಲ್ಟೇಜು ಮಾತ್ರ. ಹೇಳಿದ ಮಾತು ನಡೆಯಿತೇ ಎಂದು ತಿಳಿಯಬೇಕಾದರೆ ಇನ್ನೊಂದು ಇನ್‌ಪುಟ್ ಬೇಕು. ಅನೇಕ ಕಂಟ್ಯಾಕ್ಟರುಗಳಲ್ಲಿ ಮುಖ್ಯ ತುಟಿಗಳ ಜೊತೆಗೆ ಪ್ರತ್ಯೇಕವಾದ ಸಹಾಯಕ ತುಟಿಗಳೂ ಇರುತ್ತವೆ. ಕಂಟ್ಯಾಕ್ಟರು ಬಿಟ್ಟುಕೊಂಡಾಗ ಮುಚ್ಚುವ ಜೋಡಿಯನ್ನು ಆರಿಸಿ, ಅದಕ್ಕೆ ಬೇರೆ ಯಾವ ವಿದ್ಯುತ್ತನ್ನೂ ಕೊಡದೆ, ಟ್ಯಾಂಕಿನ ತಂತಿಗೆ ಮಾಡಿದಂತೆಯೇ ಪುಲ್‌ಅಪ್ಪಿನೊಡನೆ 4ನೆಯ ಪಿನ್ನಿಗೆ ತರಬೇಕು. ಇಲ್ಲಿ 0 ಬಂದರೆ ಪಂಪು ನಿಂತಿರುವುದಕ್ಕೆ ಸಾಕ್ಷಿ ಸಿಕ್ಕಿತು. ಬೆಸೆದುಕೊಂಡರೂ, ಈ ತಂತಿಯೇ ತುಂಡಾದರೂ ಬರುವುದು 1. ನಿಲ್ಲಲು ಅಪ್ಪಣೆ ಕೊಟ್ಟ ಎರಡು ಸೆಕೆಂಡುಗಳ ತರುವಾಯವೂ 4ನೆಯ ಪಿನ್ನಿನಲ್ಲಿ 0 ಕಾಣದಿದ್ದರೆ, 5ನೆಯ ಪಿನ್ನಿಗೆ ಸೇರಿಸಿದ ಬಜರನ್ನು ಪ್ರೋಗ್ರಾಮು ಬಿಡದೆ ಕೂಗಿಸುತ್ತಿರಬೇಕು. ಅದನ್ನು ಕೇಳಿದವರು ಮೊದಲು ಹೋಗಿ ಮೇನ್ ಸ್ವಿಚ್ಚನ್ನು ಆರಿಸಬೇಕೆಂದು ಮನೆಯ ಎಲ್ಲರಿಗೂ ತಿಳಿಸಿ, ಬಜರಿನ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿಡಿ.